ಗೋಸುಂಬೆ ನೆಲ ಕೆರೆಯುತ್ತಿದ್ದರೆ ಒಂದು ದಿನವೂ ಕಾಯಬೇಡಿ

ನಮ್ಮ ಗೋಸುಂಬೆ ಪಚ್ಚೆ ಕಳೆದ ಆಗಸ್ಟ್‌ನಲ್ಲಿ ಸತ್ತಳು. ಅವಳಿಗೆ ವರ್ಷವೂ ತುಂಬಿರಲಿಲ್ಲ. ಮಗನ ಗೆಳೆಯರಿಬ್ಬರು ಈಗ ಅಂಥದ್ದೇ ಗೋಸುಂಬೆ ತರಿಸಲು ಹೊರಟಿದ್ದಾರೆಂದು ಕೇಳಿದ ಮೇಲೆ ಸುಮ್ಮನಿರಲು ಆಗಲಿಲ್ಲ.

ಪಚ್ಚೆ ನಮ್ಮ ಹೊಲಗಳಲ್ಲಿ ಕಾಣುವ ಜಾತಿಯವಳಲ್ಲ. ಹೊಲದ ಆ ಗೋಸುಂಬೆಯನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಇವಳು ಯೆಮೆನ್, ಸೌದಿ ಅರೇಬಿಯಾ ಮೂಲದ ವೇಲ್ಡ್ ಕ್ಯಾಮೆಲಿಯನ್; ನೆತ್ತಿಯ ಮೇಲೆ ಎತ್ತರದ ಶಿಖೆ ಇರುತ್ತದೆ. ಇಂಥ ವಿದೇಶಿ ಪ್ರಾಣಿಯನ್ನು 2024ರ ನಿಯಮಗಳ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಮಾರಿದವನು "ಕಾಗದಪತ್ರ ಆಮೇಲೆ ಕಳಿಸುತ್ತೇನೆ" ಎಂದ, ಕಳಿಸಲೇ ಇಲ್ಲ. "ಗಂಡು" ಎಂದೂ ಹೇಳಿದ್ದ. ಈ ಜಾತಿಯ ಗಂಡಿಗೆ ಮರಿಯಾಗಿದ್ದಾಗಿನಿಂದಲೇ ಹಿಂಗಾಲಿನ ಹಿಮ್ಮಡಿಯಲ್ಲಿ ಸಣ್ಣ ಮುಳ್ಳಿನಂಥ ಗಂಟು ಇರುತ್ತದೆ, ಹೆಣ್ಣಿಗೆ ಇರುವುದಿಲ್ಲ. ಅದೊಂದನ್ನು ನೋಡಿದ್ದರೆ ಸಾಕಿತ್ತು. ನಾವು ನೋಡಲಿಲ್ಲ.

ಬೇಸಿಗೆ ಚೆನ್ನಾಗಿಯೇ ಕಳೆಯಿತು. ಜೂನ್‌ನಲ್ಲಿ ಬೆಳಗಾವಿಯ ಮಳೆ ಹಿಡಿಯಿತು. ಇಲ್ಲಿಯವರಿಗೆ ಗೊತ್ತು, ಹಿಡಿದರೆ ವಾರಗಟ್ಟಲೆ ಬಿಸಿಲಿನ ಮುಖ ಕಾಣುವುದಿಲ್ಲ. ಅವಳ ಗಾಜಿನ ಪೆಟ್ಟಿಗೆಯನ್ನು ಕಿಟಕಿಯ ಪಕ್ಕಕ್ಕೆ ಸರಿಸಿ, ಬೆಳಕಿಗೆಂದು ಮನೆಯ ಎಲ್‌ಇಡಿ ಬಲ್ಬ್ ಹಾಕಿದೆವು. ಗೋಸುಂಬೆಗೆ ಬೇಕಾದದ್ದು ಬರೀ ಬೆಳಕಲ್ಲ, ಬಿಸಿಲಿನಲ್ಲಿರುವ ಯುವಿಬಿ ಎಂಬ ನೇರಳಾತೀತ ಕಿರಣ. ಕಿಟಕಿಯ ಗಾಜು ಅದನ್ನು ತಡೆದುಬಿಡುತ್ತದೆ, ಎಲ್‌ಇಡಿ ಬಲ್ಬ್ ಅದನ್ನು ಕೊಡುವುದೇ ಇಲ್ಲ. ಆ ಕಿರಣವಿಲ್ಲದೆ ಮೈಯಲ್ಲಿ ಡಿ3 ಜೀವಸತ್ವ ತಯಾರಾಗುವುದಿಲ್ಲ. ಅದಿಲ್ಲದಿದ್ದರೆ ತಿಂದ ಆಹಾರದ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ. ನಾವು ಕೊಡುತ್ತಿದ್ದ ಮಿಡತೆ, ಹಿಟ್ಟಿನ ಹುಳುಗಳಲ್ಲಿ ಕ್ಯಾಲ್ಸಿಯಂ ಇರುವುದೇ ಕಡಿಮೆ. ಅವುಗಳ ಮೇಲೆ ಕ್ಯಾಲ್ಸಿಯಂ ಪುಡಿ ಉದುರಿಸಿ ಕೊಡಬೇಕೆಂದು ನಮಗೆ ಯಾರೂ ಹೇಳಿರಲಿಲ್ಲ. ನಾವೂ ಕೇಳಿರಲಿಲ್ಲ.

ಆಗಸ್ಟ್ ಮೊದಲ ವಾರ ಅವಳ ಮೈ ಕಡುಹಸಿರಿಗೆ ತಿರುಗಿ, ಅದರ ಮೇಲೆ ಹಳದಿ, ನೀಲಿ ಚುಕ್ಕೆಗಳು ಮೂಡಿದವು. ಚೆಂದ ಕಂಡಿತೆಂದು ಮಗ ಫೋಟೊ ತೆಗೆದ. ಅದು ಹೊಟ್ಟೆಯಲ್ಲಿ ಮೊಟ್ಟೆ ಇರುವುದರ ಗುರುತು. ಬಳಿಕ ಮೇವು ಬಿಟ್ಟಳು. ಸದಾ ಕೊಂಬೆಯ ಮೇಲೆಯೇ ಇರುವವಳು ಕೆಳಗಿಳಿದು ಓಡಾಡತೊಡಗಿದಳು. ಪೆಟ್ಟಿಗೆಯ ತಳಕ್ಕೆ ಹಾಸಿದ್ದ ಪತ್ರಿಕೆ ಒಂದೇ ಮೂಲೆಯಲ್ಲಿ ಹರಿದು ಚಿಂದಿಯಾಗಿತ್ತು. ಮಗ ಹೊಸ ಹಾಳೆ ಹಾಸಿದ. ಸಂಜೆಗೆ ಅದೇ ಮೂಲೆ ಮತ್ತೆ ಚಿಂದಿ.

ಅವ್ವ ನೋಡಿ, "ತಮ್ಮಾ, ಇದು ಜಾಗ ಹುಡುಕುತ್ತಿದೆ. ಮೊಟ್ಟೆ ಇಡುವ ಮೊದಲು ಕೋಳಿ ಹೀಗೇ ಕೆರೆಯುತ್ತದೆ" ಎಂದಳು. "ಜೊತೆಗೆ ಇನ್ನೊಂದಿಲ್ಲವಲ್ಲ ಅವ್ವಾ, ಎಲ್ಲಿಯ ಮೊಟ್ಟೆ?" ಎಂದು ನಾನು ಮಾತು ಮುಗಿಸಿದೆ. ಹುಂಜವಿಲ್ಲದೆಯೂ ಕೋಳಿ ಮೊಟ್ಟೆ ಇಡುತ್ತದೆ ಎನ್ನುವುದು ಹಳ್ಳಿಯಲ್ಲಿ ಬೆಳೆದ ನನಗೆ ಆಗ ನೆನಪಾಗಲಿಲ್ಲ. ವೇಲ್ಡ್ ಕ್ಯಾಮೆಲಿಯನ್ ಹೆಣ್ಣೂ ಹಾಗೆಯೇ, ಗಂಡಿನ ಸಂಗವಿಲ್ಲದೆ ಹತ್ತಾರು ಮೊಟ್ಟೆ ಕಟ್ಟುತ್ತದೆ. ಅಗೆಯಲು ಮಣ್ಣು ಸಿಗದಿದ್ದರೆ ಇಡದೆ ಒಳಗೇ ತಡೆದುಕೊಳ್ಳುತ್ತದೆ.

ನಾಲ್ಕನೆಯ ದಿನ ಮಟಮಟ ಮಧ್ಯಾಹ್ನ ಕಣ್ಣು ಮುಚ್ಚಿ ಕುಳಿತಿದ್ದಳು. ನಿದ್ದೆಯೆಂದುಕೊಂಡೆವು. ಆರೋಗ್ಯವಾಗಿರುವ ಗೋಸುಂಬೆ ಹಗಲಿನಲ್ಲಿ ಮಲಗುವುದಿಲ್ಲ. ಹಗಲು ಕಣ್ಣು ಮುಚ್ಚಿದ್ದರೆ ಕಾಯಿಲೆ ಮುಂದುವರಿದಿದೆ ಎಂದೇ ತಿಳಿಯಿರಿ. ಕಾಡಿನಲ್ಲಿ ಸೋತಂತೆ ಕಂಡ ಪ್ರಾಣಿ ಬೇಟೆಯಾಗುತ್ತದೆ, ಅದಕ್ಕೇ ಇವು ಕೊನೆಯವರೆಗೂ ನೋವನ್ನು ಮುಚ್ಚಿಡುತ್ತವೆ. ಕೈಗೆತ್ತಿಕೊಂಡಾಗ ನನ್ನ ಬೆರಳನ್ನು ಇಕ್ಕಳದಂತೆ ಹಿಡಿಯುತ್ತಿದ್ದ ಪಾದ ಹತ್ತಿಯಂತೆ ಸಡಿಲವಾಗಿತ್ತು. ಮುಂಗಾಲು ಬಿಲ್ಲಿನಂತೆ ಬಾಗಿತ್ತು. ಅದು ಎಂದಿನಿಂದ ಬಾಗಿತ್ತೋ, ನಾನು ಗಮನಿಸಿಯೇ ಇರಲಿಲ್ಲ.

ಮೊದಲು ಹೋದ ಕಡೆ ನೋಡಲು ಒಪ್ಪಲಿಲ್ಲ. ಎರಡನೆಯ ಕಡೆ ವೈದ್ಯರು ಎಕ್ಸ್‌ರೇ ತೆಗೆದರು. ಎಲುಬುಗಳು ಹೊಗೆಯ ಗೆರೆಯಷ್ಟು ತೆಳುವಾಗಿದ್ದವು. ಹೊಟ್ಟೆಯ ತುಂಬ ಮೊಟ್ಟೆಗಳು. ಮೊಟ್ಟೆ ಹೊರದೂಡಲು ಸ್ನಾಯುಗಳಿಗೆ ಕ್ಯಾಲ್ಸಿಯಂ ಬೇಕು, ಅದೇ ಅವಳಲ್ಲಿ ಉಳಿದಿರಲಿಲ್ಲ. ಚುಚ್ಚುಮದ್ದು ಕೊಟ್ಟರು. ಶಸ್ತ್ರಚಿಕಿತ್ಸೆಗೆ ಬೆಂಗಳೂರಿಗೆ ಒಯ್ಯಿರಿ ಎಂದರು. ರಾತ್ರಿ ಬಸ್ಸಿಗೆ ಟಿಕೆಟ್ ಮಾಡಿಸಿದೆ. ಸಂಜೆ ಏಳಕ್ಕೆ ಅವಳು ಹೋದಳು.

ಈಗಾಗಲೇ ಮನೆಯಲ್ಲಿ ಗೋಸುಂಬೆ ಇರುವವರು ಇವತ್ತೇ ನೋಡಿ: ಕಣ್ಣುಗುಡ್ಡೆ ಒಳಗೆ ಕುಸಿದಿದೆಯೇ, ಹಿಕ್ಕೆಯ ಜೊತೆಗಿನ ಬಿಳಿ ಭಾಗ ಕಿತ್ತಳೆ ಬಣ್ಣಕ್ಕೆ ತಿರುಗಿದೆಯೇ? ಎರಡೂ ನೀರಿನ ಕೊರತೆಯನ್ನು ಹೇಳುತ್ತವೆ. ಬಟ್ಟಲಿನಲ್ಲಿಟ್ಟ ನೀರನ್ನು ಇವು ಸಾಮಾನ್ಯವಾಗಿ ಗುರುತಿಸುವುದಿಲ್ಲ. ಎಲೆಗಳ ಮೇಲೆ ನೀರು ಸಿಂಪಡಿಸಿದರೆ ಹನಿ ನೆಕ್ಕುತ್ತವೆ. ತಲೆಯೆತ್ತಿ ಬಾಯಿ ತೆರೆದೇ ಉಸಿರಾಡುತ್ತಿದ್ದರೆ, ಬಾಯಲ್ಲಿ ಲೋಳೆ ಕಂಡರೆ ಶ್ವಾಸಕೋಶದ ಸೋಂಕಿರಬಹುದು. ಮನುಷ್ಯರ ಮಾತ್ರೆಯನ್ನು ಅರೆದು ಕುಡಿಸಬೇಡಿ, ಬಲವಂತವಾಗಿ ಬಾಯಿ ಬಿಡಿಸಬೇಡಿ. ಯುವಿಬಿ ಟ್ಯೂಬ್ ಉರಿಯುತ್ತಿದ್ದರೂ ತಿಂಗಳುಗಳು ಕಳೆದಂತೆ ಅದರ ಕಿರಣ ಕುಂದುತ್ತದೆ, ತಯಾರಕರು ಹೇಳಿದ ಅವಧಿಗೆ ಬದಲಿಸಿ. ಇಂಥ ಪ್ರಾಣಿಯನ್ನು ನೋಡುವ ವೈದ್ಯರು ಯಾರು, ಎಷ್ಟು ದೂರ ಎಂಬುದನ್ನು ಕಾಯಿಲೆ ಬರುವ ಮೊದಲೇ ಗೊತ್ತುಮಾಡಿಕೊಳ್ಳಿ.

ನಿಮ್ಮದೂ ವೇಲ್ಡ್ ಕ್ಯಾಮೆಲಿಯನ್ ಆಗಿದ್ದು, ಹಿಂಗಾಲಿನಲ್ಲಿ ಆ ಗಂಟು ಇಲ್ಲದಿದ್ದರೆ ಅದು ಹೆಣ್ಣು. ಒಂದಡಿಯಷ್ಟು ಆಳದ ಬಕೆಟ್‌ನಲ್ಲಿ ತೊಳೆದ ಮರಳನ್ನು, ಬೆರಳಿನಿಂದ ಸುರಂಗ ತೋಡಿದರೆ ಕುಸಿಯದಷ್ಟು ತೇವ ಮಾಡಿ, ಪೆಟ್ಟಿಗೆಯೊಳಗೆ ಈಗಲೇ ಇಡಿ. ಅವಳು ಅಗೆಯುವಾಗ ಮೇಲೊಂದು ಬಟ್ಟೆ ಇಳಿಬಿಟ್ಟು ದೂರ ಸರಿಯಿರಿ. ಯಾರಾದರೂ ನೋಡುತ್ತಿದ್ದರೆ ಅಗೆಯುವುದನ್ನು ಬಿಟ್ಟುಬಿಡುತ್ತಾಳೆ.