ವಾಕಿಂಗ್ ಫುಟ್: ಯಂತ್ರದಲ್ಲಿ ಕೌದಿ ಹೊಲಿಯುವವರಿಗೆ

ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಜೋಡಿಸಿ ಕೈಯಿಂದ ಹೊಲಿಯುವ ಕೌದಿಯನ್ನು ಯಂತ್ರದಲ್ಲಿ ಹೊಲಿಯಲು ಹೊರಟವರಿಗೆ ಮೊದಲು ಎದುರಾಗುವ ತೊಡಕೆಂದರೆ ಪದರಗಳು ಜಾರುವುದು: ಕೆಳಗಿನ ಹಲ್ಲುಗಳು ಅಡಿಯ ಬಟ್ಟೆಯನ್ನಷ್ಟೇ ಎಳೆಯುವುದರಿಂದ ಮೇಲಿನದು ಹಿಂದುಳಿದು, ಅಂಚು ತಲುಪುವಷ್ಟರಲ್ಲಿ ನೆರಿಗೆ ಬೀಳುತ್ತದೆ. ಬಟ್ಟೆಯನ್ನು ಒತ್ತಿಹಿಡಿಯುವ ಮಾಮೂಲಿ ಪಾದದ ಬದಲು ಯಂತ್ರಕ್ಕೆ ಹಾಕುವ ವಾಕಿಂಗ್ ಫುಟ್‌ಗೆ ತನ್ನದೇ ಹಲ್ಲುಗಳಿವೆ. ಅದರ ಕವಲು ತೋಳು ಸೂಜಿಯ ತಿರುಪಿನ ಮೇಲೆ ಕುಳಿತು, ಸೂಜಿ ಏರಿಳಿದಂತೆಲ್ಲ ಮೇಲಿನ ಪದರವನ್ನೂ ಜೊತೆಗೇ ಮುಂದಕ್ಕೆ ಒಯ್ಯುತ್ತದೆ. 90/14ರ ಸೂಜಿ ಹಾಕಿ, ಹೊಲಿಗೆಯ ಉದ್ದವನ್ನು 3 ಮಿ.ಮೀ.ಗೆ ಇಟ್ಟು, ನಡುವಿನಿಂದ ಅಂಚಿನ ಕಡೆಗೆ ಹೊಲಿದಾಗ ನನ್ನ ಕೌದಿಯ ಮೂಲೆಗಳು ಸಪಾಟಾಗಿಯೇ ಉಳಿದವು.

ಸದ್ದು ಮಾತ್ರ ಸ್ವಲ್ಪ ಹೆಚ್ಚು. ಮಧ್ಯಾಹ್ನ ಮಲಗುವ ಹಿರಿಯರಿರುವ ಮನೆಯಲ್ಲಿ ಹೊತ್ತು ನೋಡಿ ಕೂರಬೇಕು. ನೇರ ಗೆರೆಗೆ ಇದಕ್ಕಿಂತ ಒಳ್ಳೆಯ ಸಾಧನವನ್ನು ನಾನು ಬಳಸಿಲ್ಲ. ಆದರೆ ಹೂಬಳ್ಳಿಯ ಕಸೂತಿಗೆ ಕೆಳಗಿನ ಹಲ್ಲುಗಳನ್ನು ಇಳಿಸಿ, ಬಟ್ಟೆಯನ್ನು ಎತ್ತ ಬೇಕಾದರೂ ಸರಿಸಲು ಬಿಡುವ ಡಾರ್ನಿಂಗ್ ಫುಟ್ ಹಾಕಿ, ರಿಂಗಿನಲ್ಲಿ ಬಿಗಿದ ಬಟ್ಟೆಯನ್ನು ಕೈಯಿಂದಲೇ ತಿರುಗಿಸಬೇಕಾಗುವುದರಿಂದ, ವಾಕಿಂಗ್ ಫುಟ್ ಒಂದೇ ಎಲ್ಲಕ್ಕೂ ಸಾಕೆನ್ನುವ ಮಾತನ್ನು ನಂಬಬೇಡಿ. ನೆರೆಯ ಗೆಳತಿಯರಿಗೆ ಕಲಿಸುವಾಗ ನಾನು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ತೋರಿಸುತ್ತೇನೆ. ಕೊಳ್ಳುವ ಮುನ್ನ ನಿಮ್ಮ ಯಂತ್ರದ ಶ್ಯಾಂಕ್, ಅಂದರೆ ಫುಟ್ ಕೂರಿಸುವ ಭಾಗ, ಗಿಡ್ಡದೋ (ಲೋ ಶ್ಯಾಂಕ್) ಎತ್ತರದ್ದೋ (ಹೈ ಶ್ಯಾಂಕ್) ಎಂದು ನೋಡಿಕೊಳ್ಳಿ. ಅದು ಹೊಂದದಿದ್ದರೆ ಫುಟ್ ಕೂರುವುದೇ ಇಲ್ಲ.