ಹಳೇ ಪಂಪ್‌ಸೆಟ್‌ಗೆ ಸಾದಾ ಪೆಟ್ರೋಲೋ, 95 ಆಕ್ಟೇನೋ, 100 ಆಕ್ಟೇನೋ?

ಮದ್ದೂರಿನ ಗೆಳೆಯರ ಪ್ರಶ್ನೆ: ನಾಲೆಯಿಂದ ನೀರೆತ್ತುವ ಹಳೇ ಪೆಟ್ರೋಲ್-ಸೀಮೆಎಣ್ಣೆ ಪಂಪ್‌ಸೆಟ್‌ಗೆ ಯಾವ ಪೆಟ್ರೋಲ್ ಹಾಕಬೇಕು? (ಟ್ರ್ಯಾಕ್ಟರ್ ಆಗಿದ್ದರೆ ಈ ಗೋಜೇ ಇಲ್ಲ, ನಮ್ಮ ಕಡೆಯವು ಡೀಸೆಲ್ ಅಲ್ವಾ.)

ಆಕ್ಟೇನ್ ಜಾಸ್ತಿ ಅಂದರೆ ಶಕ್ತಿ ಜಾಸ್ತಿ ಅಂತಲ್ಲ. ಒತ್ತಡಕ್ಕೆ ಪೆಟ್ರೋಲ್ ತಾನಾಗಿ ಹೊತ್ತಿಕೊಳ್ಳದೆ ಎಷ್ಟು ತಡೆಯುತ್ತದೆ ಅನ್ನೋದರ ಅಳತೆ ಅದು. ಸೀಮೆಎಣ್ಣೆಯಲ್ಲೂ ಓಡಲಿ ಅಂತ ಮಾಡಿದ ಎಂಜಿನ್‌ಗೆ ಕಂಪ್ರೆಷನ್ (ಒಳಗೆ ಬೀಳುವ ಒತ್ತಡ) ತೀರಾ ಕಡಿಮೆ. ಸಾದಾ ಪೆಟ್ರೋಲಿನಲ್ಲಿರುವ ಆಕ್ಟೇನೇ ಅದಕ್ಕೆ ಧಾರಾಳ. 95 ಅಂತ ಬೇರೆಯಾಗಿ ಮಾರೋದನ್ನ ಹಾಕಿಸಿದರೆ ದುಡ್ಡು ಸುಮ್ನೆ ದಂಡ. ಎಂಜಿನ್ ಟಕಟಕ ಅಂತಿದ್ದರೆ ಮೊದಲು ಹೆಡ್‌ನ ಮಸಿ ತೆಗೆಸಿ, ಟೈಮಿಂಗ್ ನೋಡಿಸಿ.

ನಿಜವಾದ ತಲೆನೋವು ಎಥನಾಲ್, ಅಂದರೆ ಕಬ್ಬು, ಧಾನ್ಯದಿಂದ ತೆಗೆಯುವ ಮದ್ಯಸಾರ. ಈಗ ಪೆಟ್ರೋಲಿಗೆ 20% ಬೆರೆಸುತ್ತಾರೆ. ಅದು ನೀರು ಹೀರುತ್ತದೆ, ಹಳೇ ರಬ್ಬರ್ ಪೈಪು, ವಾಷರ್ ಮೆತ್ತಗಾಗುತ್ತವೆ. 95 ಅಂದ ಮಾತ್ರಕ್ಕೆ ಎಥನಾಲ್ ಇಲ್ಲ ಅಂತಲ್ಲ. 100 ಆಕ್ಟೇನ್‌ನಲ್ಲಿ ಎಥನಾಲ್ ಇಲ್ಲದ್ದು ಸಿಗಬಹುದು, ಬಂಕ್‌ನಲ್ಲಿ ಕೇಳಿ ಖಾತ್ರಿ ಮಾಡಿಕೊಳ್ಳಿ. ಆದರೆ ಬೆಲೆ ಸುಮಾರು ಒಂದೂವರೆ ಪಟ್ಟು, ಎಲ್ಲ ಕಡೆ ಸಿಗೋದೂ ಇಲ್ಲ.

ದಿನಾ ಓಡಿಸೋರಿಗೆ ಸಾದಾ ಪೆಟ್ರೋಲೇ ಸರಿ, ಪೈಪು ಮಾತ್ರ ಹೊಸದು ಹಾಕಿಸಿ. ತಿಂಗಳುಗಟ್ಟಲೆ ನಿಲ್ಲಿಸೋರು, ಬಿಡಿಭಾಗ ಸಿಗದ ಎಂಜಿನ್ ಇಟ್ಟುಕೊಂಡೋರು 100ಕ್ಕೆ ದುಡ್ಡು ಹಾಕಬಹುದು. ಇಲ್ಲದಿದ್ದರೆ ನಿಲ್ಲಿಸುವ ಮುಂಚೆ ಟ್ಯಾಂಕು, ಕಾರ್ಬ್ಯುರೇಟರ್ ಎರಡನ್ನೂ ಖಾಲಿ ಮಾಡಿ.