ಅಟಾರಿ ವಿಸಿಎಸ್, ರಾಸ್‌ಬೆರಿ ಪೈ, ಗೇಮ್ ಸ್ಟಿಕ್: ಹಳೆ ಆಟಕ್ಕೆ ಯಾವುದು ಸಾಕು?

ಮೊದಲೇ ಹೇಳಿಬಿಡುತ್ತೇನೆ, ಹಳೆ ವಿಡಿಯೊ ಗೇಮ್ ಆಡಲು ನನ್ನ ಓಟು ರಾಸ್‌ಬೆರಿ ಪೈ ಅನ್ನುವ ಅಂಗೈಯಗಲದ ಪುಟ್ಟ ಕಂಪ್ಯೂಟರಿಗೆ. ಹಳೆ ವಿಡಿಯೊ ಗೇಮ್ ಕಂಪನಿ ಅಟಾರಿಯ ಹೆಸರಲ್ಲಿ ಬಂದ ಹೊಸ ಯಂತ್ರ ಅಟಾರಿ ವಿಸಿಎಸ್ ನೋಡಲು ಚೆನ್ನಾಗಿದೆ. ಟಿವಿ ಪಕ್ಕ ಇಟ್ಟರೆ ಮನೆಗೆ ಬಂದವರೆಲ್ಲ ಏನಿದು ಅಂತ ಕೇಳುತ್ತಾರೆ. ಆದರೆ ಹಳೆ ಆಟ ಆಡುವುದಷ್ಟೇ ಆಸೆಯಾದರೆ ಅದಕ್ಕೆ ಕೊಡುವ ದುಡ್ಡು ಜಾಸ್ತಿ, ಬಹಳ ಜಾಸ್ತಿ. ಮೂರನೆಯದು ಆನ್‌ಲೈನ್‌ನಲ್ಲಿ ಸಿಗುವ, ಹೆಸರೂ ಇಲ್ಲದ, ಟಿವಿಗೆ ಸಿಕ್ಕಿಸುವ ಗೇಮ್ ಸ್ಟಿಕ್. ಅದಕ್ಕೆ ಕೊನೆಯಲ್ಲಿ ನಾಲ್ಕು ಮಾತು ಸಾಕು.

ವಿಸಿಎಸ್ ನನ್ನದಲ್ಲ, ನನ್ನ ಭಾವಮೈದನದ್ದು. ಅದು ಅಂಗಡಿಗೆ ಬಂದ ಮೇಲೆ ಅವನು ಕೊಂಡ. ಮದುವೆಗೆ ಅಂತ ಮೈಸೂರಿಗೆ ಹೊರಟಾಗ, "ಭಾವ, ಸುಮ್ನೆ ಧೂಳು ಹಿಡಿಯುತ್ತೆ, ನೀವೇ ಇಟ್ಕೊಂಡಿರಿ" ಅಂತ ನಮ್ಮ ಮನೆಯಲ್ಲಿ ಬಿಟ್ಟು ಹೋದ. ಹೀಗಾಗಿ ಅದನ್ನೂ ನನ್ನ ಪೈಯನ್ನೂ ಒಂದೇ ಟಿವಿಗೆ ಸಿಕ್ಕಿಸಿ ಆಡಿ ನೋಡುವ ಅವಕಾಶ ಸಿಕ್ಕಿತು.

ನಾವಿರುವುದು ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ. 1972ರಲ್ಲಿ ಅಟಾರಿಯವರು ಪಾಂಗ್ ಆಟದ ಮೊದಲ ಯಂತ್ರ ಇಟ್ಟಿದ್ದು ಇದೇ ಊರಿನ ಆಂಡಿ ಕ್ಯಾಪ್ಸ್ ಅನ್ನುವ ಬಾರ್‌ನಲ್ಲಿ. ಕೆಟ್ಟುಹೋಗಿದೆ ಅಂತ ಕರೆ ಬಂತಂತೆ. ಬಿಚ್ಚಿ ನೋಡಿದರೆ ಡಬ್ಬಿ ತುಂಬಾ ಚಿಲ್ಲರೆ ಕಾಸು! ಈಗ ಅಲ್ಲಿ ಕಾಮಿಡಿ ಕ್ಲಬ್ ಇದೆ. ಆ ಅಟಾರಿಗೂ ಈ ವಿಸಿಎಸ್ ಮಾಡಿದ ಅಟಾರಿಗೂ ಇರುವ ನಂಟು ಹೆಸರಿನದು ಮಾತ್ರ. ಹಳೆ ಕಂಪನಿ 1984ರಲ್ಲೇ ಎರಡು ಹೋಳಾಯಿತು. ಆಮೇಲೆ ಹೆಸರು ಕೈಯಿಂದ ಕೈಗೆ ಹೋಗಿ, ಕೊನೆಗೆ ಇನ್ಫೋಗ್ರಾಮ್ಸ್ ಅನ್ನುವ ಫ್ರೆಂಚ್ ಕಂಪನಿಯ ಪಾಲಾಯಿತು. ಅವರೇ ಆ ಹೆಸರು ಇಟ್ಟುಕೊಂಡರು.

ವಿಸಿಎಸ್ಸನ್ನು ಜನರ ಹತ್ತಿರ ಮುಂಗಡ ಎತ್ತಿ ಮಾಡುತ್ತೇವೆ ಅಂದಾಗಲೇ ನನಗೆ ಅನುಮಾನ ಬಂದಿತ್ತು. 2017ರ ಜೂನ್‌ನಲ್ಲಿ ಅಟಾರಿಬಾಕ್ಸ್ ಅಂತ (ಅದರ ಮೊದಲ ಹೆಸರು ಅದೇ) ಒಂದು ಪುಟ್ಟ ವಿಡಿಯೊ ಬಿಟ್ಟರು. ಡಿಸೆಂಬರ್‌ನಲ್ಲಿ ಬುಕಿಂಗ್ ಅಂದರು, ಅದು ಮುಂದಕ್ಕೆ ಹೋಯಿತು. 2018ರ ಮಾರ್ಚ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಸಮ್ಮೇಳನದಲ್ಲಿ ಪತ್ರಕರ್ತರಿಗೆ ತೋರಿಸಿದ್ದು ಆನ್ ಆಗದ ಮಾದರಿ. ಇಷ್ಟಾದರೂ ಅದೇ ವರ್ಷ ಮೇ 30ಕ್ಕೆ ಇಂಡಿಗೋಗೋ ಅನ್ನುವ, ಜನರಿಂದ ದುಡ್ಡು ಎತ್ತುವ ಜಾಲತಾಣದಲ್ಲಿ ಶುರು ಮಾಡಿದಾಗ ಮೊದಲ ದಿನವೇ 20 ಲಕ್ಷ ಡಾಲರ್ ದಾಟಿತು. ಕೊನೆಗೆ ಸುಮಾರು 30 ಲಕ್ಷ. 2019ರ ಜುಲೈಗೆ ಕೊಡುತ್ತೇವೆ ಅಂದಿದ್ದರು. ನಡುವೆ ಚಿಪ್ಪೇ ಬದಲಾಯಿತು, ಎಎಂಡಿ ಕಂಪನಿಯ ಹಳೇದು ಬಿಟ್ಟು ಅದರದೇ ಹೊಸ ರೈಜನ್ ಹಾಕಿದರು. ಯಂತ್ರದ ವಿನ್ಯಾಸ ನೋಡಿಕೊಳ್ಳುತ್ತಿದ್ದ ರಾಬ್ ವಯಟ್ ಆರು ತಿಂಗಳಿಂದ ಹಣ ಬಂದಿಲ್ಲ ಅಂತ ಹೇಳಿ 2019ರ ಅಕ್ಟೋಬರ್‌ನಲ್ಲಿ ಹೊರಬಂದರು. ಮುಂಗಡ ಕೊಟ್ಟವರ ಮನೆಗೆ ಪೆಟ್ಟಿಗೆ ಹೋಗಲು ಶುರುವಾಗಿದ್ದು 2020ರ ಕೊನೆಗೆ. ಅಂಗಡಿಗೆ ಬಂದಿದ್ದು 2021ರ ಜೂನ್‌ನಲ್ಲಿ, 300 ಡಾಲರ್‌ಗೆ. ಜಾಯ್‌ಸ್ಟಿಕ್, ಕಂಟ್ರೋಲರ್ ಸೇರಿದರೆ 400.

ಬಂತಲ್ಲ, ಅದೇ ಪುಣ್ಯ. ಕೋಲೆಕೊ ಕೆಮೀಲಿಯನ್ ಅನ್ನುವ ಗೇಮ್ ಯಂತ್ರದ ಕಥೆ ಕೇಳಿದರೆ ವಿಸಿಎಸ್‌ನವರ ಮೇಲೆ ಗೌರವವೇ ಹುಟ್ಟುತ್ತದೆ. 2016ರ ಫೆಬ್ರವರಿಯಲ್ಲಿ ನ್ಯೂಯಾರ್ಕ್‌ನ ಆಟಿಕೆ ಮೇಳದಲ್ಲಿ ಅದನ್ನು ಇಟ್ಟಿದ್ದರು. ಫೋಟೊ ನೋಡಿದವರು ಹಿಂದಿನ ಸಾಕೆಟ್‌ಗಳನ್ನು ಹಿಡಿದು ಕೇಳಿದರು, ಇದು ಒಳಗೆ ಕೂರಿಸಿದ ಸೂಪರ್ ನಿಂಟೆಂಡೊ, ಅಂದರೆ ಬೇರೆ ಕಂಪನಿಯ ಹಳೆ ಗೇಮ್ ಯಂತ್ರ ಅಲ್ವಾ ಅಂತ. ಬಾಯಿ ಮುಚ್ಚಿಸಲು ಪಾರದರ್ಶಕ ಪೆಟ್ಟಿಗೆಯ ಫೋಟೊ ಹಾಕಿದರು. ಅದರೊಳಗೆ ಕಂಡಿದ್ದು ಸಿಸಿಟಿವಿ ರೆಕಾರ್ಡಿಂಗ್‌ಗೆ ಬಳಸುವ ಹಳೆ ಕಂಪ್ಯೂಟರ್ ಕಾರ್ಡ್! ಮಾರ್ಚ್‌ನಲ್ಲಿ, ಹೆಸರು ಬಳಸಲು ಕೊಟ್ಟಿದ್ದ ಕೋಲೆಕೊ ಕಂಪನಿ ಅದನ್ನು ವಾಪಸ್ ತೆಗೆದುಕೊಂಡಿತು. ಬ್ರಿಟನ್ನಿನ ಸ್ಪೆಕ್ಟ್ರಮ್ ವೇಗಾ ಪ್ಲಸ್ ಅನ್ನುವ, ಕೈಯಲ್ಲಿ ಹಿಡಿದು ಆಡುವ ಯಂತ್ರಕ್ಕೂ ಅದೇ ವರ್ಷ 5 ಲಕ್ಷ ಪೌಂಡ್‌ಗಿಂತ ಹೆಚ್ಚು ಎತ್ತಿದ್ದರು. ದುಡ್ಡು ಕೊಟ್ಟವರಲ್ಲಿ ಬಹುತೇಕರಿಗೆ ಯಂತ್ರ ಸಿಗಲೇ ಇಲ್ಲ, ಕಂಪನಿ ಮುಚ್ಚಿತು.

ಸರಿ, ಯಂತ್ರಕ್ಕೆ ಬರೋಣ. 1977ರ ಅಸಲಿ ಅಟಾರಿಯಲ್ಲಿ ಇದ್ದದ್ದು 128 ಬೈಟ್ ಮೆಮೊರಿ. ಜಿಬಿ ಅಲ್ಲ, ಕೆಬಿಯೂ ಅಲ್ಲ, ಬೈಟ್. ಅದರ ಜೊತೆ ಕೊಡುತ್ತಿದ್ದ ಕಾಂಬ್ಯಾಟ್ ಆಟ 2 ಕೆಬಿ. ಆ ಆಟಗಳನ್ನು ಓಡಿಸಲು ವಿಸಿಎಸ್ ಒಳಗೆ ರೈಜನ್ ಚಿಪ್ಪು, 8 ಜಿಬಿ ಮೆಮೊರಿ. ಅಂದರೆ ಇದು ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಹಾಕಿದ ಸಣ್ಣ ಪಿಸಿ, ಅಷ್ಟೇ. ಪಿಸಿ ಮೋಡ್ ಅಂತ ಕೊಟ್ಟಿದ್ದಾರೆ, ಬೇರೆ ಆಪರೇಟಿಂಗ್ ಸಿಸ್ಟಮ್ ಹಾಕಿಕೊಂಡು ಕಂಪ್ಯೂಟರ್ ಥರಾ ಬಳಸಬಹುದು. ಅದು ಬೇಕಾದವರಿಗೆ ಲೆಕ್ಕ ಬೇರೆ. ನಮ್ಮ ಮನೆಯಲ್ಲಿ ಲ್ಯಾಪ್‌ಟಾಪ್ ಆಗಲೇ ಮೂರಿವೆ. ಅದರ ಜೊತೆ ಬರುವ ವಾಲ್ಟ್ ಅನ್ನುವ ಸಂಗ್ರಹದಲ್ಲಿ 100 ಹಳೆ ಆಟ ಇವೆ, ಎಲ್ಲ ಹಕ್ಕಿನ ಪ್ರಕಾರ. ಇದು ಒಳ್ಳೆಯ ಅಂಶ.

ಪೈ 4 ನನ್ನ ಹತ್ತಿರ ಮೊದಲೇ ಇತ್ತು, 4 ಜಿಬಿಯದ್ದು. 2019ರಲ್ಲಿ ಬಂದಾಗ ಅದರ ಬೆಲೆ 55 ಡಾಲರ್. ಕೇಸು, ಎಸ್‌ಡಿ ಕಾರ್ಡು, ಚಾರ್ಜರ್ ಸೇರಿದರೂ ಆಗ 100ರ ಒಳಗೇ ಇತ್ತು. ಹಳೆ ಆಟಗಳಿಗೆ ಅಂತಲೇ ಇರುವ ರೆಟ್ರೊಪೈ ಸಾಫ್ಟ್‌ವೇರ್ ಹಾಕಿದರೆ, ಹಳೆ ಅಟಾರಿಯಂತೆ ನಟಿಸಿ ಅದರ ಆಟ ಓಡಿಸುವ ಸ್ಟೆಲ್ಲಾ ಎಮ್ಯುಲೇಟರ್ ಬಿಟ್ಟಿ ಸಿಗುತ್ತದೆ. ಆಟಗಳನ್ನು ಮಾತ್ರ ನೀವೇ ಹೊಂದಿಸಿಕೊಳ್ಳಬೇಕು. ನಾನು ಈಗಿನವರು ಹಳೆ ಅಟಾರಿಗೆ ಅಂತಲೇ ಬರೆದು ಹಂಚುವ ಆಟಗಳನ್ನೇ ಜಾಸ್ತಿ ಆಡುತ್ತೇನೆ. ಚಾರ್ಜರ್ ವಿಷಯದಲ್ಲಿ ಒಂದು ಮಾತು: ಮೊಬೈಲಿನದ್ದು ಹಾಕಬೇಡಿ. ಕರೆಂಟ್ ಸಾಲದೆ ಪರದೆ ಮೂಲೆಯಲ್ಲಿ ಹಳದಿ ಮಿಂಚಿನ ಗುರುತು ಬರುತ್ತದೆ. 3 ಆಂಪಿಯರ್‌ದೇ ತೊಗೊಳ್ಳಿ.

ಪೈಯಲ್ಲಿ ನನಗೆ ತಲೆನೋವು ತಂದಿದ್ದು ಒಂದೇ, ಪ್ಯಾಡಲ್. ಬ್ರೇಕ್‌ಔಟ್, ಕಬೂಮ್, ವಾರ್‌ಲಾರ್ಡ್ಸ್ ಇವೆಲ್ಲ ತಿರುಗಿಸುವ ಗುಂಡಿಯ ಆಟಗಳು. ಹಳೆ ರೇಡಿಯೊ ಟ್ಯೂನ್ ಮಾಡುವ ಹಾಗೆ ಬೆರಳಲ್ಲಿ ಸ್ವಲ್ಪ ತಿರುಗಿಸಿದರೆ ಬ್ಯಾಟ್ ಸ್ವಲ್ಪ ಸರಿಯಬೇಕು, ಜೋರಾಗಿ ತಿರುಗಿಸಿದರೆ ಆ ತುದಿಗೆ ಹಾರಬೇಕು. ಮಾಮೂಲಿ ಕಂಟ್ರೋಲರ್‌ನ ಬಾಣದ ಬಟನ್‌ನಲ್ಲಿ ಅದು ಆಗುವುದೇ ಇಲ್ಲ. ಬ್ಯಾಟ್ ಒಂದೇ ವೇಗದಲ್ಲಿ ಹೋಗುತ್ತದೆ, ಚೆಂಡು ತಪ್ಪಿಸಿಕೊಂಡು ಬೀಳುತ್ತದೆ. ಅನಲಾಗ್ ಕಡ್ಡಿ ಬಳಸಿದರೆ, ಕೈ ಬಿಟ್ಟ ಕೂಡಲೇ ಅದು ನಡುವಿಗೆ ವಾಪಸ್ ಬರುತ್ತದೆ. ಬ್ಯಾಟೂ ಅದರ ಹಿಂದೆ.

ಸ್ಟೆಲ್ಲಾದಲ್ಲಿ ಮೌಸನ್ನೇ ಪ್ಯಾಡಲ್ ಮಾಡಬಹುದು. ಕೆಲಸ ಮಾಡುತ್ತದೆ, ಚೆನ್ನಾಗಿಯೇ ಮಾಡುತ್ತದೆ. ಆದರೆ ಸೋಫಾದಲ್ಲಿ ಕೂತು ತೊಡೆ ಮೇಲೆ ಪುಸ್ತಕ, ಅದರ ಮೇಲೆ ಮೌಸು ಇಟ್ಟುಕೊಂಡು ಆಡುವುದು ಆಫೀಸ್ ಕೆಲಸ ಮನೆಗೆ ತಂದಂತೆಯೇ ಕಾಣುತ್ತದೆ. ಹೆಂಡತಿ ನೋಡಿ ನಕ್ಕಳು.

ಕೊನೆಗೆ ಹಳೆ ಸಾಮಾನಿನ ಸಂತೆಯಲ್ಲಿ ಅಸಲಿ ಪ್ಯಾಡಲ್ ಜೋಡಿ ಸಿಕ್ಕಿತು. ಅದನ್ನು ಯುಎಸ್‌ಬಿಗೆ ಸಿಕ್ಕಿಸುವ ಅಡಾಪ್ಟರ್ ತರಿಸಿದೆ. ಹಾಕಿ ನೋಡಿದರೆ ಕೈ ಮುಟ್ಟದಿದ್ದರೂ ಬ್ಯಾಟ್ ಗಡಗಡ ನಡುಗುತ್ತಿದೆ. ಪ್ಯಾಡಲ್ ಒಳಗಿರುವುದು ವಾಲ್ಯೂಮ್ ಗುಂಡಿಯಂಥ ಪೊಟೆನ್ಶಿಯೊಮೀಟರ್, ನಲವತ್ತು ವರ್ಷದ ಕೊಳೆ ಕೂತಿರುತ್ತದೆ. ಎರಡು ಸ್ಕ್ರೂ ಬಿಚ್ಚಿ, ಎಲೆಕ್ಟ್ರಾನಿಕ್ಸ್‌ಗೆ ಹೊಡೆಯುವ ಕಾಂಟ್ಯಾಕ್ಟ್ ಕ್ಲೀನರ್ ಹಾಕಿ, ಈ ತುದಿಯಿಂದ ಆ ತುದಿಗೆ ಹತ್ತಾರು ಸಲ ತಿರುಗಿಸಿದ ಮೇಲೆ ಒಂದು ಸರಿಹೋಯಿತು. ಇನ್ನೊಂದು ಈಗಲೂ ಬಲ ತುದಿಯಲ್ಲಿ ಚೂರು ನಡುಗುತ್ತದೆ. ಇಬ್ಬರು ಆಡಿದರೆ ಅದು ಮಗಳ ಪಾಲು, ಆದರೂ ಅವಳೇ ಗೆಲ್ಲುತ್ತಾಳೆ.

ಇಲ್ಲೇ ವಿಸಿಎಸ್ ನನ್ನನ್ನು ಸೋಲಿಸಿದ್ದು. ಅದರ ಹಳೆ ಮಾದರಿಯ ಜಾಯ್‌ಸ್ಟಿಕ್‌ನ ಕಡ್ಡಿಯನ್ನೇ ತಿರುಗಿಸಿದರೆ ಪ್ಯಾಡಲ್ ಆಗುತ್ತದೆ. ಜಾಯ್‌ಸ್ಟಿಕ್ಕೂ ಅದೇ, ಪ್ಯಾಡಲ್ಲೂ ಅದೇ. ಈ ಯೋಚನೆ ಯಾರದ್ದೋ, ಅವರಿಗೆ ಕೈ ಮುಗಿಯಬೇಕು. ಕಡ್ಡಿ ಸುತ್ತ ಬೆಳಕು ಬೇರೆ.

ಟಿವಿ ಯಾವುದೇ ಇರಲಿ, ಗೇಮ್ ಮೋಡ್ ಆನ್ ಮಾಡಿ. ಇಲ್ಲದಿದ್ದರೆ ಎರಡರಲ್ಲೂ ಬಟನ್ ಒತ್ತಿದ್ದು ಪರದೆ ಮೇಲೆ ಕಾಣುವುದು ತಡವೇ.

ಇನ್ನು ಗೇಮ್ ಸ್ಟಿಕ್. ಡಬ್ಬಿ ಮೇಲೆ 10,000 ಆಟ ಅಂತ ಇತ್ತು. ತೊಂಬತ್ತರ ದಶಕದಲ್ಲಿ ನಮ್ಮೂರಲ್ಲಿ ಟಿವಿ ಗೇಮ್‌ಗೆ ಹಾಕುತ್ತಿದ್ದ "9999 ಇನ್ 1" ಕ್ಯಾಸೆಟ್ ನೆನಪಿರುವವರಿಗೆ ಮುಂದಿನದು ಹೇಳಬೇಕಿಲ್ಲ. ಅದೇ ಆಟ, ಬೇರೆ ಹೆಸರು, ಮತ್ತೆ ಅದೇ ಆಟ. ಬಟನ್ ಒತ್ತಿ ಆಮೇಲೆ ಕಾಯಬೇಕು. ಹಕ್ಕಿನ ಮಾತಂತೂ ಎತ್ತಲೇಬೇಡಿ. ಪಕ್ಕದ ಮನೆಯ ಹುಡುಗನಿಗೆ ಕೊಟ್ಟೆ.

ನಾನು ಆಡುವುದು ರಾತ್ರಿ ಪಾತ್ರೆ ತೊಳೆದ ಮೇಲೆ ಅರ್ಧ ಗಂಟೆ. ಸ್ಕ್ರೂ ಬಿಚ್ಚುವುದು ನನಗೆ ಬೇಜಾರಲ್ಲ. ಈಗಿನ ದೊಡ್ಡ ದೊಡ್ಡ ಆಟ ಬೇಕಿಲ್ಲ. ಇಂಥವನಿಗೆ ಪೈ ಸಾಕು. ಬೆಂಗಳೂರಲ್ಲಿದ್ದರೆ ಎಸ್.ಪಿ. ರಸ್ತೆಗೆ ಹೋದರೆ ಪೈಗೆ ಬೇಕಾದ ಸಾಮಾನು ಸಿಗುತ್ತದೆ. ಇವೆಲ್ಲ ರಗಳೆ ಬೇಡ, ಸಿಕ್ಕಿಸಿದ ಕೂಡಲೇ ಆಡಬೇಕು, ಚಂದವೂ ಕಾಣಬೇಕು ಅನ್ನುವವರು ವಿಸಿಎಸ್ ತೊಗೊಳ್ಳಿ, ಆದರೆ ಪೂರ್ತಿ ಬೆಲೆಗೆ ಬೇಡ, ಬಳಸಿದ್ದು ಸಿಕ್ಕರೆ ನೋಡಿ. ಭಾವಮೈದ ಊರಿಂದ ಬಂದು ಪೆಟ್ಟಿಗೆ ವಾಪಸ್ ಒಯ್ದಿದ್ದಾನೆ. ಜಾಯ್‌ಸ್ಟಿಕ್ ಮಾತ್ರ ಬಿಟ್ಟು ಹೋಗಪ್ಪಾ ಅಂದೆ. ಯೋಚನೆ ಮಾಡಿ ಹೇಳ್ತೀನಿ ಭಾವ ಅಂದಿದ್ದಾನೆ.